ನೀತಿಶಾಸ್ತ್ರದಲ್ಲಿ ಪಿಎಚ್‌.ಡಿ.: ಯಾವ ವಿಭಾಗಕ್ಕೆ ಸೇರಬೇಕು?

ಕಾಸರಗೋಡಿನ ಬದಿಯಡ್ಕದಿಂದ ಪ್ರಶ್ನೆ: ಎಂ.ಎಸ್‌.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ಕೊಡುವ ಪರಿಹಾರದಲ್ಲಿ ನ್ಯಾಯ ಎಂದರೇನು ಎಂಬ ಬಗ್ಗೆ ಪಿಎಚ್‌.ಡಿ. ಮಾಡುವ ಮನಸ್ಸು. ತತ್ವಶಾಸ್ತ್ರಕ್ಕೆ ಸೇರಲಾ, ಸಾರ್ವಜನಿಕ ಆರೋಗ್ಯಕ್ಕಾ? ಓದಿದವರು ಹೇಳಿ.

ಪೆರ್ಲದಿಂದ: ತಂಗಿ, ನಾನು ಮಾಡಿದ್ದು ತತ್ವಶಾಸ್ತ್ರದಲ್ಲೇ. ಮೊದಲ ವರ್ಷ ಪೂರ್ತಿ ಕಾಂಟ್, ಮಿಲ್ ಎಂಬ ತತ್ವಜ್ಞಾನಿಗಳದ್ದೇ ಓದು. ಬೇಜಾರು ಬರುತ್ತದೆ, ಆದರೂ ಬಿಡಬೇಡ. ಈಗ ನಿನ್ನ ವಿಷಯ ನೋಡು. ಗೇರು ತೋಟದ ಟೀ ಸೊಳ್ಳೆ ಎಂಬ ಕೀಟಕ್ಕೆಂದು 2000ದವರೆಗೂ ಇಲ್ಲಿ ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಸುಪ್ರೀಂ ಕೋರ್ಟ್ ಎಂಡೋಸಲ್ಫಾನಿಗೆ ತಡೆ ಹಾಕಿದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದು ಕೇರಳ ಸರಕಾರಕ್ಕೆ ಹೇಳಿದ್ದು 2017ರಲ್ಲಿ. ಸರಿ, ಆದರೆ ಸಂತ್ರಸ್ತರು ಯಾರು? ಮಗುವಿನ ಕಾಯಿಲೆ ಇದರಿಂದಲೇ ಬಂತೆಂದು ತಾಯಿ ತೋರಿಸಿಕೊಡಬೇಕಾ, ಇದರಿಂದ ಬಂದಿಲ್ಲವೆಂದು ಸಿಂಪಡಿಸಿದವರು ತೋರಿಸಬೇಕಾ? ಸಾಧ್ಯತೆ ಎಷ್ಟು ಎಂದು ವೈದ್ಯರು ಹೇಳಬಹುದು. ಸಂಶಯದ ಲಾಭ ಯಾರಿಗೆ ಸಿಗಬೇಕು ಎನ್ನುವುದು ವೈದ್ಯರು ತೀರ್ಮಾನಿಸುವ ಸಂಗತಿಯೇ ಅಲ್ಲ. ನಿನ್ನ ಪ್ರಬಂಧ ಇರುವುದು ಅಲ್ಲೇ, ಅಲ್ವಾ? ವಿಭಾಗದ ಹೆಸರು ಬಿಡು, ಗೈಡ್ ಯಾರೆಂದು ನೋಡು. ಒಬ್ಬರು ತತ್ವಶಾಸ್ತ್ರದವರು, ಕೋ-ಗೈಡ್ ಆರೋಗ್ಯದ ಕಡೆಯವರು. ಸೇರುವ ಮೊದಲೇ ಇಬ್ಬರನ್ನೂ ಒಪ್ಪಿಸಿಕೋ. ಆಮೇಲೆ ಯಾರೂ ಸಿಗುವುದಿಲ್ಲ ಮಾರಾಯ್ತಿ.

ಪೆರಿಯದಿಂದ: ಅಕ್ಕ ಹೇಳಿದ್ದು ಅರ್ಧ ಸರಿ. ನಾನು ಸಾರ್ವಜನಿಕ ಆರೋಗ್ಯದವನು. ಎಂಡೋಸಲ್ಫಾನ್ ಬಾಧಿತ ಎಣ್ಮಕಜೆಯ ಒಂದು ಮನೆಯಲ್ಲಿ ಅಜ್ಜಿ ಚಾ ಕೊಟ್ಟು ಕೇಳಿದರು: "ಮೊದಲು ಬಂದವರೂ ಬರ್ಕೊಂಡು ಹೋದ್ರು. ಅದೆಲ್ಲ ಎಲ್ಲಿಗೆ ಹೋಯ್ತು?" ನನ್ನ ಫೈಲಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಬರೆದದ್ದನ್ನು ಆ ಮನೆಗಳಿಗೆ ಹೇಗೆ ವಾಪಸ್ ಮುಟ್ಟಿಸುತ್ತೀರಿ ಎನ್ನುವುದನ್ನು ಪ್ರಸ್ತಾವದಲ್ಲೇ ಹಾಕಿ. ಒಪ್ಪಿಗೆ ಪತ್ರ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂದು ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಹೇಳುತ್ತದೆ. ಇಲ್ಲಿ ಮಲಯಾಳ, ಇಂಗ್ಲಿಷ್ ಪ್ರತಿ ಹಿಡಿದುಕೊಂಡು ಹೊರಡುವವರೇ ಜಾಸ್ತಿ. ಕನ್ನಡದ ಪ್ರತಿಯನ್ನೂ ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗೆ ಒಟ್ಟಿಗೇ ಕೊಡಿ. ಆಮೇಲೆ ಕೊಟ್ಟರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು.

ಮಂಜೇಶ್ವರದಿಂದ: ಕೆಲಸದ ಮಾತು ಯಾರೂ ಎತ್ತಲಿಲ್ಲ! ಎಂ.ಎಸ್‌.ಡಬ್ಲ್ಯು. ಇಟ್ಟುಕೊಂಡು ತತ್ವಶಾಸ್ತ್ರದ ಮೇಷ್ಟ್ರ ಹುದ್ದೆ ಸಿಗುವುದು ಕಷ್ಟ. ಅಧ್ಯಾಪಕರಾಗಲು ಬೇಕಾದ ನೆಟ್ ಪರೀಕ್ಷೆ ಬರೆಯುವಾಗ ಇದನ್ನು ಯೋಚಿಸಿ. ಔಷಧ ಪ್ರಯೋಗಗಳ 2019ರ ನಿಯಮದಲ್ಲಿ ಎಥಿಕ್ಸ್ ಕಮಿಟಿಗೆ ಸಮಾಜ ವಿಜ್ಞಾನಿ, ತತ್ವಶಾಸ್ತ್ರದವರಂಥ ಹೊರ ಕ್ಷೇತ್ರದ ಒಬ್ಬರು ಬೇಕು, ನಿಜ. ಗೌರವದ ಕುರ್ಚಿ ಅದು, ಮನೆ ನಡೆಸುವ ಸಂಬಳ ಅಲ್ಲ. ಇನ್ನೂ ಗೊಂದಲ ಇದ್ದರೆ ಸೀದಾ ಪಿಎಚ್‌.ಡಿ.ಗೆ ಹಾರಬೇಡಿ. ಮಂಗಳೂರು ಹತ್ತಿರದ ದೇರಳಕಟ್ಟೆಯ ಯೇನೆಪೋಯ ವಿಶ್ವವಿದ್ಯಾಲಯದಲ್ಲಿ ಬಯೋಎಥಿಕ್ಸ್ (ವೈದ್ಯಕೀಯ, ಜೀವವಿಜ್ಞಾನದ ನೀತಿಶಾಸ್ತ್ರ) ಪಿ.ಜಿ. ಡಿಪ್ಲೊಮಾ ನಡೆಸಿದ್ದಾರೆ. ಈ ವರ್ಷ ಸೀಟು ಇದೆಯಾ ಎಂದು ಫೋನ್ ಮಾಡಿ ಕೇಳಿ.