ಸಹಾಯ ಬೇಕು: ಪಂಪ್‌ಸೆಟ್ ಮೋಟರ್ ಮೇಲೆ ಗುರುತು ಹಾಕಿಸುವುದು ಎಲ್ಲಿ?

ನಮಸ್ಕಾರ, ನಾನು ಪಾಂಡವಪುರ ಕಡೆಯವನು. ಹೋದ ತಿಂಗಳು ನಾಲೆ ಪಕ್ಕದ ಗದ್ದೆಯಿಂದ ನಮ್ಮ 5 ಎಚ್‌ಪಿ ಮೋಟರ್ ರಾತ್ರೋರಾತ್ರಿ ಹೋಯಿತು. ಆಮೇಲೆ ಕದ್ದ ಮಾಲು ಸಿಕ್ಕಿದೆ ಅಂತ ಪೊಲೀಸರು ಕರೆದರು. ಹೋಗಿ ನೋಡಿದರೆ ಒಂದೇ ಥರದ ಆರು ಮೋಟರ್ ಸಾಲಾಗಿ ಕೂತಿವೆ. ಎಲ್ಲದರ ನೇಮ್‌ಪ್ಲೇಟ್ ಕಿತ್ತಿದ್ದಾರೆ, ರಿವೆಟ್ ತೂತು ಮಾತ್ರ ಉಳಿದಿದೆ. 'ನಿಮ್ಮದಕ್ಕೆ ಗುರುತು ಏನು?' ಅಂದರು. ಹಸಿರು ಬಣ್ಣ ಅಂದೆ. ಆರೂ ಹಸಿರೇ! ಬಿಲ್ಲೂ ಇರಲಿಲ್ಲ, ಬರಿಗೈಯಲ್ಲಿ ಬಂದೆ.

ಈಗ ಹೊಸದು ತಂದು ಬಿಲ್, ನೇಮ್‌ಪ್ಲೇಟ್ ಎರಡರ ಫೋಟೊ ತೆಗೆದಿಟ್ಟಿದ್ದೇನೆ. ಮೊಬೈಲ್ ಆದರೆ *#06# ಒತ್ತಿ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ನಂಬರ್) ಬರೆದಿಟ್ಟುಕೊಂಡರೆ, ಕಳೆದಾಗ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ಬ್ಲಾಕ್ ಮಾಡಿಸಬಹುದು. ಮೋಟರಿಗೆ ಅಂಥದ್ದೇನೂ ಇಲ್ವಲ್ಲ. ಅದಕ್ಕೇ ಬಾಡಿ ಮೇಲೇ ನಂಬರ್ ಕೊರೆಸಬೇಕು. ಪೇಂಟ್ ಸುಮ್ನೆ ದಂಡ, ಥಿನ್ನರ್ ಹಾಕಿ ಉಜ್ಜಿದರೆ ಹೋಗುತ್ತೆ.

ಎರಕದ ಕಬ್ಬಿಣದ ಮೇಲೆ ಅಕ್ಷರ ಕೊರೆದು ಕೊಡುವವರು ಮಂಡ್ಯ, ಮೈಸೂರಲ್ಲಿ ಯಾರಾದರೂ ಗೊತ್ತಾ? ನಂಬರ್ ಪಂಚ್ ಇಟ್ಟು ನಾನೇ ಸುತ್ತಿಗೆಯಲ್ಲಿ ಹೊಡೆದರೆ ಬಾಡಿ ಬಿರುಕು ಬಿಡುತ್ತಾ? ವಾರಂಟಿಗೆ ತೊಂದರೆ ಆಗುತ್ತಾ? ಆಧಾರ್ ನಂಬರ್ ಹಾಕಿಸು ಅಂತ ಭಾವ ಹೇಳಿದರು, ನನಗೆ ಅದು ಬೇಡ ಅನ್ನಿಸಿತು. ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ ಸಾಕು ಅಲ್ವಾ? ಮಾಡಿಸಿದವರಿದ್ದರೆ ಎಷ್ಟಾಯಿತು ಅಂತಲೂ ಹೇಳಿ.