ಮಂಡಿ ಆಪರೇಷನ್ ಆಗಿ 19 ದಿನ, ರಾತ್ರಿ ನಿದ್ದೆಯೇ ಇಲ್ಲ. ನಿಮಗೆಲ್ಲ ಹೇಗೆ ಸರಿಹೋಯಿತು?

ದಾವಣಗೆರೆ ಟೀಚರ್ (ರಾತ್ರಿ 2.40)

ಹತ್ತು ಗಂಟೆಗೆ ಮಲಗಿದವಳು ಹನ್ನೆರಡಕ್ಕೆ ಎದ್ದೆ, ಆಮೇಲೆ ರೆಪ್ಪೆ ಮುಚ್ಚಿಲ್ಲ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ, ಯಾರನ್ನೂ ಎಬ್ಬಿಸಲು ಮನಸ್ಸಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ 64 ವರ್ಷ. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದು ರಿಟೈರ್ ಆದವಳು. ಬಲಗಾಲಿನ ಮಂಡಿ ಪೂರ್ತಿ ಸವೆದುಹೋಗಿತ್ತು, ಮುಂದೂಡಿ ಮುಂದೂಡಿ ಕೊನೆಗೆ ಆಪರೇಷನ್ ಮಾಡಿಸಿಕೊಂಡೆ. 14ನೇ ದಿನ ಕ್ಲಿಪ್ ತೆಗೆದರು, ಗಾಯ ಚೆನ್ನಾಗಿ ಒಣಗಿದೆ ಅಂದರು. ಹಗಲಲ್ಲಿ ವಾಕರ್ ಹಿಡಿದು ನಡುಮನೆಯಿಂದ ಅಡುಗೆಮನೆವರೆಗೆ ಓಡಾಡುತ್ತೇನೆ, ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗಿ ವಾರಕ್ಕೆ ಮೂರು ಸಲ ಬರುತ್ತಾಳೆ, ಮಂಡಿ 85 ಡಿಗ್ರಿ ಮಡಚುತ್ತದೆ.

ತೊಂದರೆ ಇರುವುದು ರಾತ್ರಿ. ಹಗಲೆಲ್ಲ ಸುಮ್ಮನಿದ್ದ ಮಂಡಿ ದೀಪ ಆರಿಸಿದ ಮೇಲೆ ಬೇರೆಯೇ ಆಗುತ್ತದೆ. ಒಳಗೆ ಬಿಸಿ, ಬಿಗಿ, ಯಾರೋ ಹಗ್ಗ ಹಾಕಿ ಎಳೆದ ಹಾಗೆ. ಹೊದಿಕೆ ತಾಗಿದರೂ ಚರ್ಮ ಚುರುಚುರು ಅನ್ನುತ್ತದೆ. ಚಿಕ್ಕಂದಿನಿಂದ ಎಡಮಗ್ಗುಲಲ್ಲಿ ಮುದುರಿ ಮಲಗಿದವಳು ನಾನು, ಅಂಗಾತ ಮಲಗಿ ಅಭ್ಯಾಸವೇ ಇಲ್ಲ. ಮಂಡಿ ಕೆಳಗೆ ಒಂದು ದಿಂಬು ಇಟ್ಟುಕೊಂಡರೆ ಮಾತ್ರ ಸ್ವಲ್ಪ ಹಾಯೆನಿಸುತ್ತದೆ, ಹಾಗಾಗಿ ರಾತ್ರಿಯೆಲ್ಲ ಅದು ಅಲ್ಲೇ ಇರುತ್ತದೆ.

ಇನ್ನೊಂದು, ಬಾತ್‌ರೂಮಿಗೆ ಹೋಗಬೇಕೆಂದರೆ ಯಜಮಾನರನ್ನು ಎಬ್ಬಿಸಬೇಕು. ಅವರಿಗೂ 70. ನನ್ನ ಮಂಚದ ಪಕ್ಕದಲ್ಲೇ ನೆಲಕ್ಕೆ ಹಾಸಿಗೆ ಹಾಕಿಕೊಂಡು ಮಲಗುತ್ತಾರೆ, ನಾನು ಸ್ವಲ್ಪ ಅಲುಗಾಡಿದರೆ ಸಾಕು "ಏನು ಬೇಕು" ಅಂತ ಎದ್ದು ಕೂರುತ್ತಾರೆ. ಅವರ ಮುಖ ನೋಡಲಾರದೆ ಸಂಜೆ ಐದರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ. ನೋವಿನ ಮಾತ್ರೆ ಕಿಡ್ನಿಗೆ ಕೆಟ್ಟದ್ದು ಅಂತ ನೋಡಲು ಬಂದವರೆಲ್ಲ ಹೇಳಿದ್ದಕ್ಕೆ ದಿನಕ್ಕೆ ಮೂರು ಇದ್ದದ್ದನ್ನು ಬೆಳಿಗ್ಗೆ ಒಂದಕ್ಕೆ ಇಳಿಸಿದ್ದೇನೆ. ಪಕ್ಕದ ಮನೆಯವರು ತಮ್ಮ ನಿದ್ದೆ ಮಾತ್ರೆ ಒಂದು ಕೊಟ್ಟಿದ್ದಾರೆ, ಆಲ್ಪ್ರಜೋಲಮ್ ಅಂತ ಬರೆದಿದೆ. ಇನ್ನೂ ನುಂಗಿಲ್ಲ, ಟೇಬಲ್ ಮೇಲೇ ಇದೆ. ನಿನ್ನೆಯಿಂದ ಅದೇ ಕಾಲಿನ ಮೀನಖಂಡವೂ ಬಿಗಿದುಕೊಂಡು ನೋಯುತ್ತಿದೆ, ವ್ಯಾಯಾಮ ಜಾಸ್ತಿ ಆಯಿತೇನೋ.

ಆಪರೇಷನ್ ಮಾಡಿಸಿದ್ದೇ ತಪ್ಪಾಯಿತೇನೋ ಅಂತ ಈ ಹೊತ್ತಿನಲ್ಲಿ ಅನಿಸುತ್ತದೆ. ಬೆಳಗಾದರೆ ಹಾಗನಿಸುವುದಿಲ್ಲ. ಈ ದಾರಿ ದಾಟಿದವರು ದಯವಿಟ್ಟು ಹೇಳಿ, ಎಷ್ಟು ದಿನ ಹೀಗೆ? ನೀವೇನು ಮಾಡಿದಿರಿ?

ನೈಟ್ ಡ್ಯೂಟಿ, ಮಂಗಳೂರು (ರಾತ್ರಿ 3.05)

ಅಮ್ಮಾ, ನಾನು ಆರ್ಥೋ ಅಂದರೆ ಮೂಳೆ ವಾರ್ಡಿನಲ್ಲಿ ನರ್ಸ್. ನಿದ್ದೆಯ ಮಾತು ಆಮೇಲೆ, ಮೊದಲು ಮೀನಖಂಡದ್ದು. ಲೈಟ್ ಹಾಕಿ ಎರಡೂ ಕಾಲು ಪಕ್ಕಪಕ್ಕ ಇಟ್ಟು ನೋಡಿ. ಬಲಗಾಲಿನ ಮೀನಖಂಡ ಊದಿದೆಯಾ, ಕೆಂಪಾಗಿದೆಯಾ, ಮುಟ್ಟಿದರೆ ಬಿಸಿ ಇದೆಯಾ? ಈ ಆಪರೇಷನ್ ಆದ ಮೊದಲ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇರುತ್ತದೆ. ಅದಕ್ಕೇ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿರುತ್ತಾರೆ. ನೋವಿನ ಮಾತ್ರೆ ಜೊತೆ ಅದನ್ನೂ ನಿಲ್ಲಿಸಿಲ್ಲ ತಾನೇ? ಎಣ್ಣೆ ಹಚ್ಚಿ ನೀವಿಸಿಕೊಳ್ಳಬೇಡಿ. ವ್ಯಾಯಾಮದಿಂದಲೇ ಇರಬಹುದು, ಆದರೆ ಅದನ್ನು ನೀವೂ ಹೇಳಲಾಗುವುದಿಲ್ಲ, ನಾನೂ ಹೇಳಲಾಗುವುದಿಲ್ಲ, ರಕ್ತನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಹೇಳುತ್ತದೆ. ಆಪರೇಷನ್ ಆದ ಆಸ್ಪತ್ರೆಗೆ ಈಗಲೇ ಫೋನ್ ಮಾಡಿ, ರಾತ್ರಿಯೂ ಡ್ಯೂಟಿ ಡಾಕ್ಟರ್ ಇರುತ್ತಾರೆ. ಉಸಿರು ಕಟ್ಟಿದ ಹಾಗಾದರೆ, ಎದೆ ನೋವು ಬಂದರೆ ಫೋನ್ ಎತ್ತಲಿ ಅಂತ ಕಾಯಬೇಡಿ, 108 ಕರೆಯಿರಿ.

ಆ ಆಲ್ಪ್ರಜೋಲಮ್ ವಾಪಸ್ ಕೊಟ್ಟುಬಿಡಿ. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ನಿಮ್ಮ ಚೀಟಿಯಲ್ಲಿ ನೋವಿಗೆ ಕೊಡುವ ಟ್ರಮಡಾಲ್ ಅಥವಾ ಪ್ರೆಗಾಬಲಿನ್ ಇದ್ದರೆ ಎರಡೂ ಸೇರಿ ಮಂಪರು ವಿಪರೀತ ಆಗುತ್ತದೆ, ಉಸಿರಾಟ ನಿಧಾನ ಆಗುತ್ತದೆ, ಗೊರಕೆ ಹೊಡೆಯುವವರಿಗಂತೂ ಇನ್ನೂ ಅಪಾಯ. ಅರ್ಧ ನಿದ್ದೆಯಲ್ಲಿ ಎದ್ದು ವಾಕರ್ ಹಿಡಿಯಲು ಹೋಗಿ ಬಿದ್ದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ.

ಕಿಡ್ನಿಯ ಭಯದ ಬಗ್ಗೆ: ನೋವಿನ ಮಾತ್ರೆ ಎಲ್ಲವೂ ಒಂದೇ ಅಲ್ಲ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಥರದವು ಕಿಡ್ನಿಗೂ ಹೊಟ್ಟೆಗೂ ತೊಂದರೆ ಕೊಡಬಹುದು, ವಯಸ್ಸಾದವರಿಗೆ, ಬಿಪಿ ಇದ್ದವರಿಗೆ ಅವನ್ನು ಲೆಕ್ಕ ಹಾಕಿಯೇ ಕೊಡುತ್ತಾರೆ. ಪ್ಯಾರಾಸಿಟಮಾಲ್ ಬೇರೆ ಗುಂಪು, ಅದರಲ್ಲಿ ನೋಡಬೇಕಾದದ್ದು ಲಿವರ್. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ವಯಸ್ಸು, ತೂಕ ನೋಡಿ ಡಾಕ್ಟರು ಇನ್ನೂ ಕಡಿಮೆ ಹೇಳುವುದೂ ಉಂಟು. ಟ್ರಮಡಾಲ್ ಜೊತೆ ಸೇರಿಸಿದ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಅದರ ಮೇಲೆ ಡೋಲೋ (ಅದೂ ಪ್ಯಾರಾಸಿಟಮಾಲೇ) ಬೇರೆ ನುಂಗಿದರೆ ಲೆಕ್ಕ ತಪ್ಪುತ್ತದೆ. ಮಾತ್ರೆ ಪಟ್ಟಿಯ ಹಿಂದೆ ಬರೆದದ್ದನ್ನು ಓದಿ. ದಿನಕ್ಕೆ ಒಂದೇ ನುಂಗುವುದಾದರೂ ಬೆಳಿಗ್ಗೆ ಯಾಕಮ್ಮಾ? ನೋವು ಇರುವುದು ರಾತ್ರಿ. ಮಲಗುವ ಮುಕ್ಕಾಲು ಗಂಟೆ ಮೊದಲು ತೆಗೆದುಕೊಳ್ಳುವ ಹಾಗೆ ಹೊತ್ತು ಬದಲಿಸಬಹುದಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ನೋವು ತಡೆದುಕೊಂಡು ಮಲಗಿದರೆ ನಿದ್ದೆಯೂ ಇಲ್ಲ, ಮರುದಿನ ವ್ಯಾಯಾಮವೂ ಇಲ್ಲ.

ದಾವಣಗೆರೆ ಟೀಚರ್ (ರಾತ್ರಿ 3.20)

ಕಾಲು ಸ್ವಲ್ಪ ಊದಿದೆ ಮಗಳೇ. ಇವರನ್ನು ಎಬ್ಬಿಸಿದೆ. ಫೋನ್ ಮಾಡುತ್ತಿದ್ದಾರೆ.

ದಾವಣಗೆರೆ ಟೀಚರ್ (ಸಂಜೆ 6.30)

ಡಾಪ್ಲರ್ ಆಯಿತು. ಹೆಪ್ಪುಗಟ್ಟಿಲ್ಲ ಅಂದರು. ಮಂಡಿಯ ಊತವೇ ಕೆಳಗಿಳಿದಿದೆಯಂತೆ, ಜೊತೆಗೆ ಮಾಂಸಖಂಡ ಬಿಗಿದಿದೆಯಂತೆ. ಸದ್ಯ, ರಕ್ತ ತೆಳು ಮಾಡುವ ಮಾತ್ರೆ ನಾನು ಬಿಟ್ಟಿರಲಿಲ್ಲ. ನೋವಿನ ಮಾತ್ರೆ ಯಾಕೆ ನಿಲ್ಲಿಸಿದಿರಿ ಅಂತ ಡಾಕ್ಟರು ಬೈದರು, ರಕ್ತ ಪರೀಕ್ಷೆ ನೋಡಿ ಕಿಡ್ನಿ ಚೆನ್ನಾಗಿದೆ ಅಂದರು, ರಾತ್ರಿಯ ಡೋಸ್ ಮತ್ತೆ ಶುರು ಮಾಡಿಸಿದರು. ಮಂಗಳೂರಿನ ಮಗಳೇ, ಆ ಹೊತ್ತಿನಲ್ಲಿ ಕೂತು ಇಷ್ಟು ಬರೆದೆಯಲ್ಲ, ನಿನ್ನ ಋಣ ದೊಡ್ಡದು. ನಿದ್ದೆ ಬಗ್ಗೆ ಇನ್ನೂ ಯಾರಾದರೂ ಹೇಳಿ.

ಮೈಸೂರು ಫಿಸಿಯೋ

ಮೇಡಂ, ಸ್ಕ್ಯಾನ್ ಮಾಡಿಸಿದ್ದು ಬಹಳ ಒಳ್ಳೆಯದಾಯಿತು. ನಾನು ಹೇಳಬೇಕಾದದ್ದು ಆ ದಿಂಬಿನ ವಿಷಯ. ದಯವಿಟ್ಟು ಇವತ್ತೇ ಮಂಡಿ ಕೆಳಗಿಂದ ತೆಗೆಯಿರಿ. ಹಾಯೆನಿಸುವುದು ನಿಜ, ಮಂಡಿ ಸ್ವಲ್ಪ ಮಡಚಿದ್ದಾಗ ಒಳಗಿನ ಒತ್ತಡ ಕಡಿಮೆ ಇರುತ್ತದೆ, ಅದಕ್ಕೇ. ಆದರೆ ರಾತ್ರಿ ಏಳೆಂಟು ಗಂಟೆ ಹಾಗೇ ಮಡಚಿಟ್ಟರೆ ಹಿಂದಿನ ಸ್ನಾಯು ಆ ಅಳತೆಗೇ ಗಟ್ಟಿಯಾಗುತ್ತದೆ, ಆಮೇಲೆ ಕಾಲು ಪೂರ್ತಿ ನೆಟ್ಟಗಾಗುವುದಿಲ್ಲ. ನೆಟ್ಟಗಾಗದ ಕಾಲಿನಲ್ಲಿ ನಡೆದರೆ ಕುಂಟು ಉಳಿಯುತ್ತದೆ, ಸೊಂಟ ನೋಯುತ್ತದೆ. ಮಡಚುವುದು 85 ಆಗಿದೆ ಅಂತ ಎಲ್ಲರೂ ಖುಷಿಪಡುತ್ತಾರೆ, ಬೇಕಾದದ್ದೇ, ಆದರೆ ನೆಟ್ಟಗಾಗುವುದು ಅಷ್ಟೇ ಮುಖ್ಯ, ಅದನ್ನು ಮೊದಲ ವಾರಗಳಲ್ಲೇ ಗಳಿಸಿಕೊಳ್ಳಬೇಕು.

ದಿಂಬು ಬೇಕೇ ಬೇಕು ಅನಿಸಿದರೆ ಉದ್ದಕ್ಕೆ ಇಡಿ, ಮೀನಖಂಡದಿಂದ ಹಿಮ್ಮಡಿ ತನಕ. ಮಂಡಿ ಹಿಂದೆ ಖಾಲಿ ಇರಬೇಕು. ಮೊದಲ ಎರಡು ಮೂರು ರಾತ್ರಿ ಎಳೆದ ಹಾಗಾಗುತ್ತದೆ. ಹೊದಿಕೆ ತಾಗಿದರೆ ಚುರುಚುರು ಅಂದಿರಿ, ಕೊಯ್ದ ಜಾಗದ ಸಣ್ಣ ನರಗಳಿಂದ ಅದು. ಗಾಯದ ಹೊರಬದಿ ಜೋಮು ಹಿಡಿದ ಹಾಗಿರುವುದೂ ಸಾಮಾನ್ಯ. ಹಳೇ ಮೆತ್ತನೆ ಕಾಟನ್ ಸೀರೆ ಹೊದ್ದುಕೊಳ್ಳಿ, ರಗ್ಗು ಬೇಡ. ಮಂಡಿ ಬೆಚ್ಚಗಿರುವುದು ಕೆಲವು ತಿಂಗಳು ಇರುತ್ತದೆ. ಆದರೆ ಜ್ವರ ಬಂದರೆ, ಗಾಯದಿಂದ ನೀರು ಸೋರಿದರೆ, ಕೆಂಪು ಹರಡುತ್ತಾ ಹೋದರೆ ತಡಮಾಡದೆ ತೋರಿಸಿ.

ಸಂಜೆಯ ವ್ಯಾಯಾಮ ಎಷ್ಟು ಹೊತ್ತಿಗೆ ಮಾಡುತ್ತೀರಿ? ಊಟ ಮುಗಿಸಿ ಮಲಗುವ ಮುಂಚೆ ಮಾಡುವವರು ಬಹಳ ಜನ. ಆಗ ಮಂಡಿ ಕೆರಳಿ ರಾತ್ರಿಯೆಲ್ಲ ಮಿಡಿಯುತ್ತದೆ. ಕೊನೆಯ ಸುತ್ತು ಆರು ಗಂಟೆಯೊಳಗೆ ಮುಗಿಸಿ. ಮಲಗುವ ಮೊದಲು ಐಸ್, ತೆಳ್ಳನೆ ಟವೆಲ್ ಸುತ್ತಿ, 15ರಿಂದ 20 ನಿಮಿಷ. ಬರಿ ಚರ್ಮಕ್ಕೆ ಇಡಬಾರದು, ಜೋಮು ಹಿಡಿದ ಜಾಗಕ್ಕೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಫ್ರೀಜರಿನಲ್ಲಿಟ್ಟ ಬಟಾಣಿ ಪ್ಯಾಕೆಟ್ ಇದ್ದರೆ ಅದು ಮಂಡಿಯ ಸುತ್ತ ಚೆನ್ನಾಗಿ ಕೂರುತ್ತದೆ.

ಧಾರವಾಡ ಪೆನ್ಷನರ್

ಅಕ್ಕಾವ್ರೇ, ನನಗೆ 2022ರಲ್ಲಿ ಎರಡೂ ಮಂಡಿ ಒಟ್ಟಿಗೇ ಆಯಿತು. ಯಾವ ಮಗ್ಗುಲಿಗೂ ತಿರುಗುವ ಹಾಗಿರಲಿಲ್ಲ. ಎಷ್ಟು ದಿನ ಅಂತ ಕೇಳಿದ್ದೀರಿ, ನನ್ನ ಲೆಕ್ಕ ಹೇಳುತ್ತೇನೆ. ಮೊದಲ ಮೂರು ವಾರ ಒಂದೊಂದು ಗಂಟೆಯ ಜೊಂಪು ಅಷ್ಟೇ. ಆರನೇ ವಾರದ ಹೊತ್ತಿಗೆ ಮೂರು ಗಂಟೆ ಒಂದೇ ಸಮನೆ. ಮೂರು ತಿಂಗಳಿಗೆ ಮೊದಲಿನ ಹಾಗೆ. ಇದು ನನ್ನದು, ನಿಮ್ಮದು ಬೇಗವೂ ಆಗಬಹುದು. ಮೂರನೇ ವಾರವೇ ನನಗೆ ಅತಿ ಕಷ್ಟ ಆಗಿದ್ದು. ನೋಡಲು ಬರುವವರು ನಿಂತಿರುತ್ತಾರೆ, ಆಸ್ಪತ್ರೆಯ ಬಲವಾದ ಔಷಧ ನಿಂತಿರುತ್ತದೆ, ನೋವು ಮಾತ್ರ ನಿಂತಿರುವುದಿಲ್ಲ. ಆಪರೇಷನ್ ತಪ್ಪಾಯಿತು ಅಂತ ನಾನೂ ರಾತ್ರಿ ಅತ್ತಿದ್ದೇನೆ. ಈಗ ದಿನಾ ಕೆರೆ ಸುತ್ತ ಎರಡು ಸುತ್ತು ನಡೆಯುತ್ತೇನೆ.

ನನಗೆ ಉಪಯೋಗ ಆದದ್ದು ಏನೆಂದರೆ, ನಿದ್ದೆ ಬರದೆ ಅರ್ಧ ಗಂಟೆ ಆಯಿತೆಂದರೆ ಹಾಸಿಗೆಯಲ್ಲಿ ಒದ್ದಾಡುತ್ತಿರಲಿಲ್ಲ. ಎದ್ದು, ವಾಕರ್ ಹಿಡಿದು, ನಾಲ್ಕು ಹೆಜ್ಜೆ ಹಾಕಿ ಕೈಯಿರುವ ಕುರ್ಚಿಯಲ್ಲಿ ಕೂರುತ್ತಿದ್ದೆ. ಪಾದ ಮೇಲೆ ಕೆಳಗೆ ಆಡಿಸುತ್ತಿದ್ದೆ, ಐಸ್ ಇಡುತ್ತಿದ್ದೆ, ಸಣ್ಣದಾಗಿ ರೇಡಿಯೋ ಹಾಕುತ್ತಿದ್ದೆ. ಕಣ್ಣು ಎಳೆದಾಗ ಮತ್ತೆ ಹಾಸಿಗೆಗೆ. ಮಧ್ಯಾಹ್ನ ಒಂದೂವರೆಗೆ ಮಲಗಿ ನಾಲ್ಕಕ್ಕೆ ಏಳುತ್ತಿದ್ದೆ, ಅದನ್ನು ಅರ್ಧ ಗಂಟೆಗೆ ಇಳಿಸಿದೆ. ಸಂಜೆ ಚಹಾ ಬಿಟ್ಟೆ, ಇದು ನನಗೆ ಮಂಡಿ ನೋವಿಗಿಂತ ಕಷ್ಟ ಆಯಿತು.

ನೀರು ಬಿಟ್ಟಿದ್ದೀರಿ ಅಂದಿರಿ, ಅದು ಮಾತ್ರ ಬೇಡ. ಟ್ರಮಡಾಲ್ ಹೇಗೂ ಹೊಟ್ಟೆ ಕಟ್ಟುತ್ತದೆ, ಅದರ ಜೊತೆ ನೀರೂ ಇಲ್ಲದಿದ್ದರೆ ಹೊಟ್ಟೆ ಕಲ್ಲಾಗುತ್ತದೆ, ಆ ಸಂಕಟಕ್ಕೂ ನಿದ್ದೆ ಬರುವುದಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಧಾರಾಳವಾಗಿ ಕುಡಿಯಿರಿ, ರಾತ್ರಿ ಒಂದೆರಡು ಗುಟುಕು.

ಹಾಸನದ ಮಗ

ಅಮ್ಮ, ಇದನ್ನು ನಿಮಗಿಂತ ಹೆಚ್ಚಾಗಿ ನಿಮ್ಮ ಮಕ್ಕಳಿಗೆ ಓದಿ ಹೇಳಿ. ನಮ್ಮ ಅಮ್ಮನಿಗೆ ಹೋದ ವರ್ಷ ಇದೇ ಆಪರೇಷನ್. ನಾನು ಪಕ್ಕದ ಕೋಣೆಯಲ್ಲೇ ಮಲಗಿದ್ದೆ. ಮಗ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು, ಎಬ್ಬಿಸುವುದು ಬೇಡ ಅಂತ 23ನೇ ರಾತ್ರಿ ಒಬ್ಬರೇ ಎದ್ದಿದ್ದಾರೆ. ವಾಕರ್ ಕೈಗೆ ಸಿಗುವ ಹಾಗಿರಲಿಲ್ಲ, ನಾನೇ ದಾರಿಗೆ ಅಡ್ಡ ಅಂತ ಗೋಡೆಗೆ ಒರಗಿಸಿದ್ದೆ. ಬಾತ್‌ರೂಮ್ ಬಾಗಿಲಿನ ಕಾಲೊರಸು ಜಾರಿತು. ಪುಣ್ಯಕ್ಕೆ ಮಂಡಿಗೆ ಏನೂ ಆಗಲಿಲ್ಲ, ಎಡಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ ಕೈಯಲ್ಲಿ ವಾಕರ್ ಹಿಡಿಯುವುದು ಹೇಗೆ? ಒಂದೂವರೆ ತಿಂಗಳು ಎಲ್ಲ ಹಿಂದೆ ಬಿತ್ತು. ನೆಲದ ಮೇಲೆ ಕೂತು ಅವರು ಮೊದಲು ಹೇಳಿದ್ದು "ನಿನ್ನ ನಿದ್ದೆ ಹಾಳು ಮಾಡಿದೆ" ಅಂತ. ಆ ಮಾತು ನನಗೆ ಇವತ್ತಿಗೂ ಮರೆಯಲು ಆಗಿಲ್ಲ.

ಆಮೇಲೆ ಕಮೋಡ್ ಚೇರ್ ಬಾಡಿಗೆಗೆ ತಂದು ಮಂಚದ ಪಕ್ಕಕ್ಕೇ ಇಟ್ಟೆವು. ಕಾಲೊರಸು ಎಲ್ಲ ತೆಗೆದೆವು. ಸಣ್ಣ ನೈಟ್ ಲ್ಯಾಂಪ್ ನೆಲಕ್ಕೆ ಹತ್ತಿರ ಹಾಕಿದೆವು. ಮಗಳ ಹಳೇ ಸೈಕಲ್ಲಿನ ಗಂಟೆ ಬಿಚ್ಚಿ ಮಂಚದ ಕಂಬಿಗೆ ಕಟ್ಟಿದೆ, ಕೂಗಲು ಸಂಕೋಚಪಡುತ್ತಿದ್ದ ಅಮ್ಮ ಗಂಟೆ ಬಾರಿಸಲು ಸಂಕೋಚಪಡಲಿಲ್ಲ. ತಂಗಿಯೂ ನಾನೂ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಕಾವಲು ಹಂಚಿಕೊಂಡೆವು. ಎಪ್ಪತ್ತರ ನಿಮ್ಮ ಯಜಮಾನರು ದಿನಾ ಒಬ್ಬರೇ ನೆಲದಿಂದ ಏಳುವುದು ಸರಿಯಲ್ಲ, ಅವರ ಮಂಡಿಯೂ ಮಂಡಿಯೇ ಅಲ್ವಾ. ಮಕ್ಕಳನ್ನು ಕರೆಯಿರಿ. ಕರೆದರೆ ಖಂಡಿತ ಬರುತ್ತಾರೆ. ಕರೆಯದಿದ್ದರೆ ನನ್ನ ಹಾಗೆ ಆಮೇಲೆ ಕೊರಗುತ್ತಾರೆ.

ದಾವಣಗೆರೆ ಟೀಚರ್ (12 ದಿನದ ನಂತರ)

ಇವತ್ತಿಗೆ 31ನೇ ದಿನ. ಹಾಸನದ ಮಗ ಬರೆದದ್ದನ್ನು ನನ್ನ ಮಗಳಿಗೆ ಕಳಿಸಿದೆ. ಮಾರನೇ ದಿನವೇ ಹುಬ್ಬಳ್ಳಿಯಿಂದ ಬಸ್ ಹತ್ತಿ ಬಂದಳು, ಇನ್ನೂ ಇಲ್ಲೇ ಇದ್ದಾಳೆ. ಇವರು ಈಗ ಒಳಕೋಣೆಯಲ್ಲಿ ಮಂಚದ ಮೇಲೆ ಮಲಗುತ್ತಾರೆ. ಮೊದಲ ರಾತ್ರಿ ಎರಡು ಸಲ ಎದ್ದು ಬಾಗಿಲಲ್ಲಿ ನಿಂತು ನೋಡಿ ಹೋದರು, ಈಗ ಬೆಳಗಿನವರೆಗೂ ಮಲಗುತ್ತಾರೆ.

ದಿಂಬು ಹಿಮ್ಮಡಿಗೆ ಹೋಯಿತು. ಮೂರು ರಾತ್ರಿ ಅಂದಿದ್ದರು, ನನಗೆ ಐದು ರಾತ್ರಿ ಬೇಕಾಯಿತು. ಮಾತ್ರೆ ರಾತ್ರಿ 9.15ಕ್ಕೆ, ಐಸ್ 9.30ಕ್ಕೆ, ಹತ್ತಕ್ಕೆ ದೀಪ ಆರಿಸುವುದು. ನಿನ್ನೆ 11ರಿಂದ 3.30 ತನಕ ಒಂದೇ ಸಮ ಮಲಗಿದೆ! ಎದ್ದು ಕುರ್ಚಿಯಲ್ಲಿ ಕೂತೆ, ಮತ್ತೆ ಐದಕ್ಕೆ ಮಲಗಿ ಆರೂವರೆಗೆ ಎದ್ದೆ. ಕೆಟ್ಟ ರಾತ್ರಿಗಳು ಇನ್ನೂ ಇವೆ. ಮೊನ್ನೆ ಭಾನುವಾರ ನೆಂಟರು ಬಂದು ಜಾಸ್ತಿ ಹೊತ್ತು ಕಾಲು ಇಳಿಬಿಟ್ಟು ಕೂತೆ, ಆ ರಾತ್ರಿ ಪೂರ್ತಿ ಜಾಗರಣೆ.

ಫಿಸಿಯೋ ಅವರಿಗೆ ಒಂದು ಪ್ರಶ್ನೆ. ನನ್ನ ಎಡಮಗ್ಗುಲು ನನಗೆ ಯಾವಾಗ ವಾಪಸ್ ಸಿಗುತ್ತದೆ? ಡಾಕ್ಟರು ಮಲಗಬಹುದು ಅಂದಿದ್ದಾರೆ, ಧೈರ್ಯ ಬರುತ್ತಿಲ್ಲ.

ಮೈಸೂರು ಫಿಸಿಯೋ

ಡಾಕ್ಟರು ಒಪ್ಪಿದ್ದರೆ ಇವತ್ತೇ ಮಾಡಿ ಮೇಡಂ, ಆದರೆ ರಾತ್ರಿ ಅಲ್ಲ, ಮಧ್ಯಾಹ್ನ ಮಗಳು ಪಕ್ಕದಲ್ಲಿದ್ದಾಗ. ಎಡಮಗ್ಗುಲೇ ನಿಮಗೆ ಸರಿ, ಆಪರೇಷನ್ ಆದ ಬಲಗಾಲು ಮೇಲೆ ಬರುತ್ತದೆ. ಗಟ್ಟಿ ದಿಂಬು ಒಂದು ಬೇಕು, ತೊಡೆ ನಡುವಿನಿಂದ ಪಾದದ ಗಂಟಿನ ತನಕ ಮುಟ್ಟುವಷ್ಟು ಉದ್ದ, ಇಲ್ಲದಿದ್ದರೆ ಎರಡು ದಿಂಬು ಸೇರಿಸಿ. ಅಂಗಾತ ಇರುವಾಗಲೇ ಎರಡೂ ಕಾಲಿನ ನಡುವೆ ಅದನ್ನು ಹಿಡಿದುಕೊಳ್ಳಿ. ಆಮೇಲೆ ಭುಜ, ಸೊಂಟ, ಕಾಲು ಎಲ್ಲ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದ ಹಾಗೆ ತಿರುಗಿ. ಬಲಗಾಲು ಮಾತ್ರ ಹಿಂದೆ ಉಳಿದು ತಿರುಚಿಕೊಳ್ಳಬಾರದು. ಹಳೇ ಅಭ್ಯಾಸಕ್ಕೆ ಮಂಡಿ ಹೊಟ್ಟೆಯ ಕಡೆ ಮುದುರುತ್ತದೆ, ಆಗ ಮಗಳು ಮೆಲ್ಲಗೆ ನೆಟ್ಟಗೆ ಮಾಡಲಿ. ಮೊದಲ ದಿನ 20 ನಿಮಿಷ ಸಾಕು. ಎಷ್ಟು ಹೊತ್ತು ಮಲಗಲು ಆಯಿತು ಅಂತ ನಾಳೆ ಇಲ್ಲೇ ಬರೆಯಿರಿ.

ದಾವಣಗೆರೆ ಟೀಚರ್

35 ನಿಮಿಷ. ಮಗಳು ಎಬ್ಬಿಸಿದಳು.