ಅಪ್‌ಡೇಟ್: ಮರಾಠಿ-ಕನ್ನಡ ಫೈಲ್‌ಗಳಲ್ಲಿ ಹುಡುಕಾಟ
ಪುಣೆಯಲ್ಲಿ ಜಮೀನಿನ ಕಾಗದಪತ್ರ ಅನುವಾದಿಸುತ್ತೇನೆ. ಹಳೇ ಮರಾಠಿ-ಕನ್ನಡ ಫೈಲ್‌ಗಳಲ್ಲಿ ಒಟ್ಟಿಗೆ ಹುಡುಕುವುದು ಹೇಗೆ ಅಂತ ಕೇಳಿದ್ದೆ. ನೀವು ಹೇಳಿದ ಆಂಟ್‌ಪಿಕಾಂಕ್ (AntPConc) ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡೆ, ಕೆಲಸ ಆಯಿತು! ಮೂಲ ಮತ್ತು ಅನುವಾದದ ಫೈಲ್‌ಗಳನ್ನು ಜೋಡಿಯಾಗಿ ಹುಡುಕಿ ತೋರಿಸುತ್ತದೆ. ಲಾರೆನ್ಸ್ ಆಂಥನಿ ಮಾಡಿದ್ದು, ಪೂರ್ತಿ ಉಚಿತ.

ಎರಡೂ ಯುಟಿಎಫ್-8 (ಎಲ್ಲಾ ಭಾಷೆಯ ಅಕ್ಷರಗಳನ್ನು ಉಳಿಸುವ ಯೂನಿಕೋಡ್ ಬಗೆ) ಟೆಕ್ಸ್ಟ್ ಫೈಲ್ ಆಗಿರಬೇಕು. ಮರಾಠಿಯ ಐದನೇ ಸಾಲಿಗೆ ಕನ್ನಡದ ಐದನೇ ಸಾಲೇ ಜೋಡಿ. ಒಂದು ಫೈಲ್‌ನ ನಡುವೆ ಒಂದು ಖಾಲಿ ಸಾಲು ನುಸುಳಿದರೂ ಅಲ್ಲಿಂದ ಮುಂದೆ ಎಲ್ಲಾ ಅಡ್ಡಾದಿಡ್ಡಿ. ಹಾಗಾಗಿ ಜಾಸ್ತಿ ಸಮಯ ಹಿಡಿದದ್ದು ಸಾಲು ಹೊಂದಿಸುವುದಕ್ಕೇ.

ಇನ್ನೊಂದು ಮಾತು. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ ಅಲ್ವಾ? ಪೂರ್ತಿ ಪದದ ಆಯ್ಕೆ ತೆಗೆದು 'ಜಮೀನಿ' ಅಂತ ಹುಡುಕಿ. ಜಮೀನಿಗೆ, ಜಮೀನಿನ, ಜಮೀನಿನಲ್ಲಿ ಎಲ್ಲಾ ಮರಾಠಿ ಸಾಲಿನ ಸಮೇತ ಬರುತ್ತವೆ. ನನಗೆ ಬೇಕಿದ್ದದ್ದು ಇದೇ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.